ಎಡೆ ಮತ್ತು ಜಪಸರ: ಮನಿಲಾದ ಚೀನೀ ಕಥೋಲಿಕ ಮನೆತನಗಳು



ತೀರಿಹೋದ ತಂದೆತಾಯಿಯ ಹೆಸರಿನಲ್ಲಿ ಒಂದಿಷ್ಟು ಹಣವನ್ನು ಇಡುಗಂಟಾಗಿ ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ವಿದ್ಯೆಯ ಮಾತು ನಡೆಯಲಿ ಎಂದು ಬಯಸುವುದು ನಮ್ಮ ನಾಡಿನ ಒಳ್ಳೆಯ ರೂಢಿ. ಇಂದಿನ ನನ್ನ ವಿಷಯಕ್ಕೂ ಇದಕ್ಕೂ ನಂಟಿದೆ. ಹೆತ್ತವರನ್ನು ಸತ್ತ ಮೇಲೂ ಮನೆಯೊಳಗೆ ಉಳಿಸಿಕೊಳ್ಳುವುದು ಹೇಗೆ, ಹಾಗೆ ಉಳಿಸಿಕೊಳ್ಳಲು ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆ ಸಮುದ್ರ ದಾಟಿಹೋದ ಚೀನೀ ಕಥೋಲಿಕರನ್ನು ಸುಮಾರು ಮುನ್ನೂರು ವರ್ಷ ಕಾಡಿತು. ಆ ಕಥೆ ಹೆಚ್ಚಾಗಿ ನಡೆದದ್ದು ಫಿಲಿಪ್ಪೀನ್ಸ್‌ನ ಮನಿಲಾ ನಗರದಲ್ಲಿ, ಅದರಲ್ಲೂ ಬಿನೊಂಡೊ ಎಂಬ ಪೇಟೆಯಲ್ಲಿ. ನಾನು ಹೇಳಬೇಕೆಂದಿರುವುದು ಇಷ್ಟು: ಆ ಜನರಿಗೆ ಧರ್ಮ ಬಂದದ್ದು ಕಾನೂನು ಮತ್ತು ಮದುವೆಯ ದಾರಿಯಿಂದ. ಅದನ್ನು ಉಳಿಸಿದವರು ತಾಯಂದಿರು. ಅದು ಬೇರು ಬಿಟ್ಟದ್ದು, ಸತ್ತ ಹಿರಿಯರಿಗೆ ಮನೆಯಲ್ಲಿ ಜಾಗ ಬಿಟ್ಟುಕೊಟ್ಟದ್ದರಿಂದ.

ಸ್ಪ್ಯಾನಿಷರು 1571ರಲ್ಲಿ ಮನಿಲಾವನ್ನು ತಮ್ಮ ರಾಜಧಾನಿ ಮಾಡಿಕೊಂಡರು. ಮೆಕ್ಸಿಕೊದ ಅಕಾಪುಲ್ಕೊದಿಂದ ಹಡಗುಗಳಲ್ಲಿ ಬೆಳ್ಳಿ ಬರುತ್ತಿತ್ತು. ಆ ಬೆಳ್ಳಿಗಾಗಿ ಚೀನಾದ ಫುಜಿಯಾನ್ ಕರಾವಳಿಯಿಂದ ರೇಷ್ಮೆ, ಪಿಂಗಾಣಿ ಹೊತ್ತ ಹಡಗುಗಳು ಬರುತ್ತಿದ್ದವು. ಹಡಗಿನ ಜೊತೆ ಜನರೂ ಬಂದರು: ವ್ಯಾಪಾರಿಗಳು, ಬಡಗಿಗಳು, ಚಮ್ಮಾರರು, ರೊಟ್ಟಿ ಬೇಯಿಸುವವರು, ಮೀನು ಹಿಡಿಯುವವರು. ಸ್ಪ್ಯಾನಿಷರು ಅವರನ್ನು ಸ್ಯಾಂಗ್ಲೆಗಳು ಎಂದು ಕರೆದರು. ಕೋಟೆಯ ಹೊರಗೆ, ತೋಪಿನ ಗುಂಡು ಮುಟ್ಟುವ ದೂರದಲ್ಲಿ, ಪರಿಯಾನ್ ಎಂಬ ಕೇರಿಯಲ್ಲಿ ಇರಿಸಿದರು. ಮನಿಲಾದ ಮೊದಲ ಬಿಷಪ್ ದೊಮಿಂಗೊ ದೆ ಸಲಾಝಾರ್ 1590ರಲ್ಲಿ ಸ್ಪೇನಿನ ದೊರೆಗೆ ಬರೆದ ಪತ್ರದಲ್ಲಿ ಈ ಕೇರಿಯನ್ನು ಬಾಯ್ತುಂಬ ಹೊಗಳಿದ್ದಾರೆ. ಅಲ್ಲಿನ ಕುಶಲಕರ್ಮಿಗಳು ದಂತದಲ್ಲಿ ಕೆತ್ತಿದ ಬಾಲ ಯೇಸುವಿನ ಮೂರ್ತಿಗಳನ್ನು ಕಂಡು ಅವರು ಬೆರಗಾಗಿದ್ದರು. ಮೆಕ್ಸಿಕೊದಿಂದ ಬಂದ ಪುಸ್ತಕ ಕಟ್ಟುವವನೊಬ್ಬನ ಬಳಿ ಕೆಲಸಕ್ಕೆ ಸೇರಿದ ಚೀನೀ ಹುಡುಗ ಕಸುಬು ಕಲಿತು, ಗುರುವಿನ ಅಂಗಡಿಯನ್ನೇ ಮುಚ್ಚಿಸಿದ ಸಂಗತಿಯನ್ನೂ ಆ ಪತ್ರ ಹೇಳುತ್ತದೆ.

ಆದರೆ ಇದೇ ಬಿಷಪ್ಪರು ದೀಕ್ಷಾಸ್ನಾನ ಪಡೆಯುವ ಚೀನೀಯರು ತಮ್ಮ ಉದ್ದ ಕೂದಲನ್ನು ಕತ್ತರಿಸಬೇಕೆಂದು ಪಟ್ಟು ಹಿಡಿದಿದ್ದರು. ಕೂದಲು ಕತ್ತರಿಸಿಕೊಂಡವನು ಮಿಂಗ್ ದೊರೆಗಳ ಚೀನಾಕ್ಕೆ ತಲೆಯೆತ್ತಿಕೊಂಡು ಮರಳುವಂತಿರಲಿಲ್ಲ. ಅಂದರೆ ಕ್ರೈಸ್ತನಾಗುವುದೆಂದರೆ ಹೆತ್ತವರ ಸಮಾಧಿಯನ್ನು ಮತ್ತೆ ನೋಡದಿರಲು ಒಪ್ಪಿಕೊಂಡಂತೆ. ಇದು ಬೇಡವೆಂದು ಕಡೆಗೆ ದೊರೆಯಿಂದಲೇ ಆದೇಶ ಬಂತು. ಧರ್ಮ ಮತ್ತು ಕುಟುಂಬ ಎದುರುಬದುರು ನಿಂತ ಮೊದಲ ಸಂದರ್ಭ ಇದು. ಅಲ್ಲಿ ಮನುಷ್ಯರ ಕಷ್ಟ ಅರಿತು ಮಾತಾಡಿದ್ದು ಧರ್ಮಪೀಠಕ್ಕಿಂತ ಮೊದಲು ಅರಮನೆ.

1594ರಲ್ಲಿ ಗವರ್ನರ್ ಲೂಯಿಸ್ ಪೆರೆಝ್ ದಾಸ್ಮರಿನ್ಯಾಸ್ ಪಸಿಗ್ ನದಿಯ ಆಚೆ ದಡದಲ್ಲಿ ಜಮೀನು ಕೊಂಡು, ಕ್ರೈಸ್ತರಾದ ಚೀನೀಯರಿಗೆ ಕೊಟ್ಟರು. ಅದೇ ಬಿನೊಂಡೊ. ಇಂದು ಜಗತ್ತಿನ ಅತ್ಯಂತ ಹಳೆಯ ಚೈನಾಟೌನ್ ಎಂದು ಅದನ್ನು ಕರೆಯುತ್ತಾರೆ. ಪ್ರವಾಸಿಗರಿಗೆ ಅದು ತಿಂಡಿ ಅಂಗಡಿಗಳ, ಚಿನ್ನದಂಗಡಿಗಳ ಬೀದಿ. ಇತಿಹಾಸದ ವಿದ್ಯಾರ್ಥಿಗೆ ಅದು ಮದುವೆಯಾದವರ ಊರು. ಫುಜಿಯಾನ್‌ನಿಂದ ಹೆಂಗಸರು ಹಡಗು ಹತ್ತುತ್ತಿರಲಿಲ್ಲ. ಮನಿಲಾ ಸುತ್ತಲಿನ ಸ್ಥಳೀಯ ಟಗಾಲೊಗ್ ಜನಾಂಗದ ಹೆಣ್ಣನ್ನು ಮದುವೆಯಾಗಲು ದೀಕ್ಷಾಸ್ನಾನ ಬೇಕಿತ್ತು. ದೀಕ್ಷಾಸ್ನಾನ ಪಡೆದವನಿಗೆ ನೆಲೆನಿಲ್ಲಲು, ಓಡಾಡಲು, ಆಸ್ತಿ ಮಾಡಲು ಅನುಕೂಲ ಹೆಚ್ಚು. 1755ರಲ್ಲಂತೂ ಕ್ರೈಸ್ತರಲ್ಲದ ಚೀನೀಯರನ್ನು ದೇಶದಿಂದ ಹೊರಗೆ ಕಳಿಸುವ ಆದೇಶವೇ ಹೊರಟಿತು.

ಹಾಗಾದರೆ ಇವರದು ಲಾಭಕ್ಕಾಗಿ ಹಿಡಿದ ಧರ್ಮವೇ? ಆಗಿನ ಸ್ಪ್ಯಾನಿಷ್ ಅಧಿಕಾರಿಗಳು ಹಾಗೇ ಬರೆದರು, ಅದನ್ನು ನಂಬಿ ಹಲವು ಇತಿಹಾಸಕಾರರೂ ಬರೆದರು. ನಾನು ಒಪ್ಪುವುದಿಲ್ಲ. ಮನುಷ್ಯ ಯಾವ ಬಾಗಿಲಿನಿಂದ ಒಳಗೆ ಬಂದ ಎಂಬುದರಿಂದಲೇ ಅವನು ಆ ಮನೆಯಲ್ಲಿ ಹೇಗೆ ಬಾಳಿದ ಎಂದು ತೀರ್ಮಾನಿಸಲಾಗದು. ಲಾಭದ ಲೆಕ್ಕವೇ ಆಗಿದ್ದರೆ, ಆ ಲೆಕ್ಕ ಬಹಳ ಸಲ ತಪ್ಪಿತು. ಹುವಾನ್ ಬೌತಿಸ್ತಾ ದೆ ವೆರಾ ಎಂಬ ಶ್ರೀಮಂತ ಕ್ರೈಸ್ತ ಚೀನೀಯನಿಗೆ ಹಿಂದೆ ಗವರ್ನರ್ ಆಗಿದ್ದವನೇ ದೀಕ್ಷಾಸ್ನಾನದಲ್ಲಿ ಜ್ಞಾನತಂದೆ. ಆದರೂ 1603ರಲ್ಲಿ ಚೀನೀಯರು ದಂಗೆಯೆದ್ದ ಹೊತ್ತಿನಲ್ಲಿ ಸ್ಪ್ಯಾನಿಷರು ಅವನನ್ನು ಕೊಂದರು. ಅವನ ಜೊತೆ ಸಾವಿರಾರು ಚೀನೀಯರ ಕಗ್ಗೊಲೆಯಾಯಿತು. 1639ರಲ್ಲಿ ಮತ್ತೆ ಹಾಗೇ ಆಯಿತು. ಜಪಸರ ಅವರ ಪ್ರಾಣ ಕಾಯಲಿಲ್ಲ. ಆದರೂ ಬಿನೊಂಡೊದ ಮನೆಗಳಲ್ಲಿ ಜಪಸರ ಉಳಿಯಿತು.

ಉಳಿದದ್ದು ಹೇಗೆ ಎಂದು ಕೇಳಿದರೆ ಉತ್ತರ ತಾಯಂದಿರ ಕಡೆ ಹೋಗುತ್ತದೆ. ಅಪ್ಪ ಫುಜಿಯಾನ್‌ನ ಹೊಕ್ಕಿಯೆನ್ ನುಡಿ ಮಾತಾಡುತ್ತಿದ್ದ, ಅಂಗಡಿಯಲ್ಲಿರುತ್ತಿದ್ದ, ಕೆಲವೊಮ್ಮೆ ವರ್ಷಗಟ್ಟಲೆ ಫುಜಿಯಾನ್‌ಗೆ ಹೋಗಿಬಿಡುತ್ತಿದ್ದ. ಅಮ್ಮ ಮಕ್ಕಳಿಗೆ ಟಗಾಲೊಗ್‌ನಲ್ಲಿ ಪ್ರಾರ್ಥನೆ ಕಲಿಸಿದಳು. ಆ ಮಕ್ಕಳೇ ಚೀನೀ ಮೆಸ್ಟಿಝೊ ಎಂಬ ಹೊಸ ಸಮುದಾಯವಾದರು. 1741ರ ಹೊತ್ತಿಗೆ ತೆರಿಗೆಯ ಪಟ್ಟಿಯಲ್ಲಿ ಅವರಿಗೆ ಬೇರೆಯೇ ವರ್ಗ ಸಿಕ್ಕಿತು.

ಅವರಲ್ಲಿ ಒಬ್ಬ ಲೊರೆಂಝೊ ರುಯಿಝ್. ಅಪ್ಪ ಚೀನೀ, ಅಮ್ಮ ಟಗಾಲೊಗ್. ದೊಮಿನಿಕನ್ ಎಂಬ ಸಂನ್ಯಾಸಿ ಸಭೆಯ ಗುರುಗಳ ಬಳಿ ಅಕ್ಷರ ಕಲಿತು, ಬರಹ ಚೆನ್ನಾಗಿದ್ದುದರಿಂದ ದಾಖಲೆಗಳನ್ನು ಬರೆದುಕೊಡುವ ಕೆಲಸ ಮಾಡುತ್ತಿದ್ದ. ಜಪಸರ ಮಾತೆಯ ಭಕ್ತಕೂಟದ ಸದಸ್ಯ. ಮದುವೆಯಾಗಿ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. 1636ರಲ್ಲಿ ಒಬ್ಬ ಸ್ಪ್ಯಾನಿಷನ ಕೊಲೆಯ ಆರೋಪ ಅವನ ಮೇಲೆ ಬಂತು. ಗುರುಗಳು ಹೊರಟಿದ್ದ ಹಡಗೊಂದನ್ನು ಹತ್ತಿ ತಪ್ಪಿಸಿಕೊಂಡ. ಹಡಗು ಹೋದದ್ದು ಕ್ರೈಸ್ತರನ್ನು ಬೇಟೆಯಾಡುತ್ತಿದ್ದ ಜಪಾನಿಗೆ. ನಾಗಸಾಕಿಯಲ್ಲಿ ಅವನನ್ನು ಹಳ್ಳದ ಮೇಲೆ ತಲೆಕೆಳಗಾಗಿ ತೂಗುಹಾಕಿದರು. ಧರ್ಮ ಬಿಡು, ಬದುಕು ಎಂದರು. ಅವನು ಬಿಡಲಿಲ್ಲ. 1637ರ ಸೆಪ್ಟೆಂಬರ್‌ನಲ್ಲಿ ಸತ್ತ. 1987ರಲ್ಲಿ ರೋಮ್‌ನಲ್ಲಿ ಸಂತ ಪದವಿ ಪಡೆದ ಮೊದಲ ಫಿಲಿಪ್ಪೀನೊ ಅವನೇ. ಬಿನೊಂಡೊದ ಚರ್ಚು ಈಗ ಅವನ ಹೆಸರು ಹೊತ್ತಿದೆ. ಧರ್ಮಪ್ರಚಾರಕ್ಕೆ ಹೊರಟವನಲ್ಲ ಈತ. ಹೆಂಡತಿ ಮಕ್ಕಳಿದ್ದ ಗೃಹಸ್ಥ. ನಾಗಸಾಕಿಯ ಹಿಂಸೆಯ ಹೊತ್ತಿನಲ್ಲಿ ಅವನನ್ನು ಅಲುಗದೆ ನಿಲ್ಲಿಸಿದ ಗಟ್ಟಿತನ ಬಿನೊಂಡೊದ ಒಂದು ಮನೆಯಲ್ಲಿ ಬೆಳೆದದ್ದು. ಸ್ಯಾಂಗ್ಲೆಗಳ ನಂಬಿಕೆ ಹುಸಿ ಎಂದು ಬರೆದವರಿಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ತಿಳಿಯದು.

ಇಗ್ನಾಸಿಯಾ ದೆಲ್ ಎಸ್ಪಿರಿತು ಸಾಂತೊ ಇನ್ನೊಬ್ಬಳು. 1663ರಲ್ಲಿ ಬಿನೊಂಡೊದಲ್ಲಿ ಹುಟ್ಟಿದವಳು. ತಂದೆ ಫುಜಿಯಾನ್‌ನ ಅಮೊಯ್‌ನಿಂದ ಬಂದ ಕ್ರೈಸ್ತ ಚೀನೀ, ತಾಯಿ ಟಗಾಲೊಗ್. ಮಗಳಿಗೆ ಇಪ್ಪತ್ತೊಂದು ತುಂಬಿದಾಗ ತಂದೆತಾಯಿ ಮದುವೆಯ ಮಾತೆತ್ತಿದರು. ಅವಳು ಜೆಸ್ವಿಟ್ ಎಂಬ ಇನ್ನೊಂದು ಸಂನ್ಯಾಸಿ ಸಭೆಯ ಗುರು ಪಾವ್ಲ್ ಕ್ಲೈನ್ ಅವರ ಮಾರ್ಗದರ್ಶನದಲ್ಲಿ ಧ್ಯಾನ ಮಾಡಿ, ಒಂದು ಸೂಜಿ, ಒಂದು ಕತ್ತರಿ ಹಿಡಿದು ಮನೆಯಿಂದ ಹೊರಟಳು. ಬಿಳಿಯ ಹೆಂಗಸರಿಗಷ್ಟೇ ಕನ್ಯಾಮಠಗಳ ಬಾಗಿಲು ತೆರೆದಿದ್ದ ಕಾಲದಲ್ಲಿ, ನಾಡಿನ ಹೆಣ್ಣುಮಕ್ಕಳಿಗೂ ಮೆಸ್ಟಿಝೊ ಹೆಣ್ಣುಮಕ್ಕಳಿಗೂ ಜಾಗ ಕೊಟ್ಟ ಭಗಿನಿಯರ ಸಮೂಹವೊಂದನ್ನು 1684ರಲ್ಲಿ ಕಟ್ಟಿದಳು. ಹೊಲಿಗೆ ಮಾಡಿ, ಕೂಲಿ ಮಾಡಿ ಬದುಕಿದರು. ಆ ಸಂಸ್ಥೆ ಇಂದಿಗೂ ಇದೆ. ವಂಶ ಬೆಳೆಸುವುದೇ ಮಕ್ಕಳ ಮೊದಲ ಕರ್ತವ್ಯ ಎಂದು ನಂಬಿದ ಚೀನೀ ತಂದೆಗೆ ಮಗಳ ಈ ನಿರ್ಧಾರ ಎಷ್ಟು ಭಾರವಾಗಿದ್ದೀತು! ಕುಟುಂಬ ಮತ್ತು ನಂಬಿಕೆ ಎಲ್ಲ ಕಡೆಯೂ ಕೈಹಿಡಿದುಕೊಂಡೇ ನಡೆದವು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಇಲ್ಲಿಯೇ ಇನ್ನೊಂದು ನೋವಿನ ಸಂಗತಿಯನ್ನೂ ಹೇಳಬೇಕು. ಫುಜಿಯಾನ್‌ನ ಎಷ್ಟೋ ವಲಸಿಗರಿಗೆ ಎರಡು ಸಂಸಾರ: ಊರಲ್ಲಿ ಅತ್ತೆಮಾವಂದಿರನ್ನು ನೋಡಿಕೊಂಡು, ಹಿರಿಯರ ಪೂಜೆ ನಡೆಸಿಕೊಂಡು ಕಾಯುವ ಒಬ್ಬ ಹೆಂಡತಿ; ಮನಿಲಾದಲ್ಲಿ ಚರ್ಚಿನಲ್ಲಿ ಕೈಹಿಡಿದ ಇನ್ನೊಬ್ಬಳು. ಒಬ್ಬನಿಗೆ ಒಬ್ಬಳೇ ಎನ್ನುವ ಧರ್ಮೋಪದೇಶ ಒಂದು ಕಡೆ, ವಂಶ ಕಾಯುವ ಕಟ್ಟಳೆ ಇನ್ನೊಂದು ಕಡೆ. ಬಿನೊಂಡೊದ ಮೆಸ್ಟಿಝೊ ಮನೆತನಗಳ ಹಿರಿಮೆಯನ್ನು ಬರೆದವರು ಬಹಳ. ಫುಜಿಯಾನ್‌ನಲ್ಲಿ ಉಳಿದ ಆ ಹೆಂಗಸರ ಬಗ್ಗೆ ಬರೆದವರು ಕಡಿಮೆ.

ಈಗ ಚರ್ಚಿನ ಒಂದು ದಾಖಲೆ ಪುಸ್ತಕದ ಮಾತು. 1697ರ ಜೂನ್ ತಿಂಗಳ ಒಂದು ಭಾನುವಾರ, ಪರಿಯಾನ್‌ನ ಸಾನ್ ಗಾಬ್ರಿಯೆಲ್ ಚರ್ಚಿನಲ್ಲಿ ಮೂವತ್ತೈದರ ಪ್ರಾಯದ ಚೀನೀಯನೊಬ್ಬನಿಗೆ ದೀಕ್ಷಾಸ್ನಾನವಾಯಿತು. ಲಾಮ್-ಕೊ ಎಂಬ ಆತನಿಗೆ ದೊಮಿಂಗೊ ಎಂದು ಹೆಸರಾಯಿತು. ಆತನ ವಂಶದಲ್ಲಿ ಮುಂದೆ ಫಿಲಿಪ್ಪೀನ್ಸ್‌ನ ರಾಷ್ಟ್ರವೀರ ಹೊಸೆ ರಿಝಾಲ್ ಹುಟ್ಟಿದರು. ರಿಝಾಲರ ಮುತ್ತಾತನ ತಂದೆ ಈ ದೊಮಿಂಗೊ. ಆ ನಮೂದಿನಲ್ಲಿ ಆತನ ತಂದೆ ಸಿಯಾಂಗ್-ಕೊ, ತಾಯಿ ಝುನ್-ನ್ಯೊ ಎಂದು ಬರೆದಿದೆ. ಅವರಿಬ್ಬರೂ ಚೀನಾದ ಹಳ್ಳಿಯವರು. ಹಿರಿಯರ ಪೂಜೆ ಮೂಢನಂಬಿಕೆ ಎಂದು ವಾದಿಸುತ್ತಿದ್ದ ದೊಮಿನಿಕನ್ ಸಭೆಯವರೇ ಆದ ಆ ಚರ್ಚಿನ ಗುರುಗಳು ತಮ್ಮ ಪುಸ್ತಕದಲ್ಲಿ ಆ ಹಿರಿಯರ ಹೆಸರನ್ನು ಬರೆದಿಟ್ಟರು. ಮುನ್ನೂರು ವರ್ಷದ ನಂತರವೂ ಆ ತಂದೆತಾಯಿಯ ಹೆಸರು ನಮಗೆ ಗೊತ್ತಿರುವುದು ಆ ಒಂದು ಸಾಲಿನಿಂದ.

ಹಿರಿಯರ ಪೂಜೆಯ ಜಗಳವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಮನಿಲಾವನ್ನೂ ನಮ್ಮ ಮೈಸೂರನ್ನೂ ಒಟ್ಟಿಗೆ ತಟ್ಟಿದ ಜಗಳ. ಚೀನೀಯರ ಮನೆಯಲ್ಲಿ ಹಿರಿಯರ ಹೆಸರು ಬರೆದ ಮರದ ಹಲಗೆ ಇರುತ್ತದೆ. ಅದರ ಮುಂದೆ ಊದುಬತ್ತಿ ಹಚ್ಚುತ್ತಾರೆ, ಅನ್ನ, ಹಣ್ಣು, ಮದ್ಯ ಇಡುತ್ತಾರೆ, ಬಾಗಿ ನಮಸ್ಕರಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಅವರು ಉಂಡರೆಂದುಕೊಂಡ ಮೇಲೆ ತಾವು ಉಣ್ಣುವ ನಮ್ಮ ಹಳ್ಳಿಯ ಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. 1610ರಲ್ಲಿ ಪೀಕಿಂಗ್‌ನಲ್ಲಿ ತೀರಿಕೊಂಡ ಜೆಸ್ವಿಟ್ ಗುರು ಮತ್ತೆಯೊ ರಿಚ್ಚಿ, ಇದು ಹೆತ್ತವರ ಮೇಲಿನ ಗೌರವ, ದೇವರ ಪೂಜೆಯಲ್ಲ ಎಂದು ಕಂಡುಕೊಂಡಿದ್ದರು. ದೊಮಿನಿಕನ್ನರು ಒಪ್ಪಲಿಲ್ಲ. ಅವರಲ್ಲಿ ಮುಂದಾಳಾದ ಹುವಾನ್ ಬೌತಿಸ್ತಾ ಮೊರಾಲೆಸ್ ಮನಿಲಾದ ಚೀನೀಯರ ನಡುವೆ ಕೆಲಸ ಮಾಡಿ, ಅಲ್ಲಿಂದ 1633ರಲ್ಲಿ ಫುಜಿಯಾನ್‌ಗೆ ಹೋದವರು. ಅವರು ರೋಮ್‌ಗೆ ಒಯ್ದ ಪ್ರಶ್ನೆಗಳ ಮೇಲೆ 1645ರಲ್ಲಿ ಮೊದಲ ನಿಷೇಧ ಬಂತು.

ದೊಮಿನಿಕನ್ನರ ಮೇಲೆ ಎಲ್ಲ ತಪ್ಪನ್ನೂ ಹೊರಿಸಲು ನನಗೆ ಮನಸ್ಸಿಲ್ಲ. ಚೀನೀಯರಿಗಾಗಿ ಆಸ್ಪತ್ರೆ ಕಟ್ಟಿದವರು ಅವರು. ಹೊಕ್ಕಿಯೆನ್ ಕಲಿತವರು ಅವರು. 1593ರ ಸುಮಾರಿಗೆ ಚೀನೀ ಲಿಪಿಯಲ್ಲಿ ಧರ್ಮೋಪದೇಶದ ಪುಸ್ತಕವನ್ನು ಪರಿಯಾನ್‌ನ ಚೀನೀ ಮುದ್ರಕರ ಕೈಯಲ್ಲಿ ಅಚ್ಚು ಹಾಕಿಸಿದವರೂ ಅವರೇ. ಹುವಾನ್ ಕೊಬೊ ಎಂಬ ದೊಮಿನಿಕನ್ ಗುರು ಚೀನೀ ನೀತಿವಾಕ್ಯಗಳ ಸಂಕಲನವನ್ನು ಸ್ಪ್ಯಾನಿಷ್‌ಗೆ ತಂದರು. ಇಷ್ಟು ಹತ್ತಿರ ಬಂದವರು ಮನೆಯ ಒಳಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಅವರಲ್ಲೇ ಬೆಳೆದ ಲುವೊ ವೆನ್‌ಝಾವೊ ಮಾತ್ರ ಒಳಗೆ ನೋಡಿದ. ಫುಜಿಯಾನ್‌ನ ಈ ಹುಡುಗ ಮನಿಲಾದ ಸಾಂತೊ ತೊಮಾಸ್ ವಿದ್ಯಾಲಯದಲ್ಲಿ ಓದಿ ದೊಮಿನಿಕನ್ ಗುರುವಾಗಿ, 1685ರಲ್ಲಿ ಚೀನೀಯರಲ್ಲೇ ಮೊದಲ ಬಿಷಪ್ ಆದ. ತನ್ನ ಸಭೆಯವರ ನಿಲುವಿಗೆ ವಿರುದ್ಧವಾಗಿ, ಈ ಆಚರಣೆಗಳು ಪಿತೃಗೌರವ ಎಂದು ಬರೆದ. ಆ ಮನೆಗಳಲ್ಲಿ ಹುಟ್ಟಿ ಬೆಳೆದವನ ಮಾತು ಅದು. ಕೇಳಿಸಿಕೊಂಡವರಿಲ್ಲ.

ಮುಂದೆ ಈ ಜಗಳ ತೀರಿಸಲು ಪೋಪ್ ಪ್ರತಿನಿಧಿಯಾಗಿ ಷಾರ್ಲ್ ದೆ ತೂರ್ನೊಂ ಹೊರಟರು. 1703ರಲ್ಲಿ ಪಾಂಡಿಚೇರಿಗೆ ಬಂದಿಳಿದರು. ಆಗ ಮಧುರೆ, ಮೈಸೂರು, ಕರ್ನಾಟಿಕ್ ಎಂಬ ಜೆಸ್ವಿಟ್ ಮಿಷನ್‌ಗಳಲ್ಲಿ ಕ್ರೈಸ್ತರಾದವರು ತಾಳಿ ಕಟ್ಟುವುದು, ಮೈ ನೆರೆದ ಹುಡುಗಿಗೆ ಶಾಸ್ತ್ರ ಮಾಡುವುದು, ವಿಭೂತಿ ಹಚ್ಚುವುದು ಮುಂತಾದ ರೂಢಿಗಳನ್ನು ಉಳಿಸಿಕೊಂಡಿದ್ದರು. ಶ್ರೀರಂಗಪಟ್ಟಣದ ಸುತ್ತ ಮೈಸೂರು ಮಿಷನ್ ಶುರುವಾಗಿ ಅರ್ಧ ಶತಮಾನ ಕಳೆದಿತ್ತು. ತೂರ್ನೊಂ ಈ ಯಾವ ಊರಿನ ಒಳಗೂ ಕಾಲಿಡದೆ, 1704ರಲ್ಲಿ ಪಾಂಡಿಚೇರಿಯಲ್ಲೇ ಕುಳಿತು ಇವುಗಳಲ್ಲಿ ಹಲವನ್ನು ನಿಷೇಧಿಸಿದರು. ಅಲ್ಲಿಂದ ಮನಿಲಾ ಮುಟ್ಟಿ ಚೀನಾಕ್ಕೆ ಹೋಗಿ, ಅಲ್ಲೂ ನಿಷೇಧಿಸಿದರು. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ 1742ರಲ್ಲಿ ಚೀನೀ ಆಚರಣೆಗಳ ಮೇಲೆ, 1744ರಲ್ಲಿ ನಮ್ಮ ದಕ್ಷಿಣದ ಆಚರಣೆಗಳ ಮೇಲೆ ಕೊನೆಯ ಮಾತು ಹೇಳಿದರು. ನಡುವೆ, 1724ರಲ್ಲಿ, ಚೀನಾದ ಯೊಂಗ್‌ಝೆಂಗ್ ಚಕ್ರವರ್ತಿ ಕ್ರೈಸ್ತಧರ್ಮವನ್ನೇ ನಿಷೇಧಿಸಿಯಾಗಿತ್ತು. ಹೆತ್ತವರಿಗೆ ಬಾಗದ ಧರ್ಮ ಮನೆಯನ್ನೂ ರಾಜ್ಯವನ್ನೂ ಒಡೆಯುತ್ತದೆ ಎಂಬ ಭಾವನೆಗೆ ಈ ಜಗಳ ನೀರೆರೆದಿತ್ತು.

ಆದರೆ ಮನೆಗಳು? ಮನೆಗಳು ತೀರ್ಪಿಗೆ ಕಾಯಲಿಲ್ಲ. ಇಂದಿಗೂ ಬಿನೊಂಡೊದ ಓಂಗ್ಪಿನ್ ಬೀದಿಯ ಹತ್ತಿರ ಸಾಂತೊ ಕ್ರಿಸ್ತೊ ದೆ ಲೊಂಗೊಸ್ ಎಂಬ ಶಿಲುಬೆಯ ಗುಡಿ ಇದೆ. ಅಂಗಡಿಗೆ ಹೋಗುವ ದಾರಿಯಲ್ಲಿ ಜನ ನಿಂತು, ಶಿಲುಬೆಯ ಗುರುತು ಹಾಕಿ, ಊದುಬತ್ತಿ ಹಚ್ಚಿ, ಮಲ್ಲಿಗೆಯ ಹಾರ ಏರಿಸಿ ಹೋಗುತ್ತಾರೆ. ಬತಾಂಗಾಸ್ ಪ್ರಾಂತ್ಯದ ತಾಅಲ್‌ನಲ್ಲಿ 1603ರಲ್ಲಿ ಬೆಸ್ತನೊಬ್ಬನ ಬಲೆಗೆ ಸಿಕ್ಕಿತೆನ್ನುವ ಕೈಸಸಾಯ್ ಮಾತೆಯನ್ನು ಚೀನೀಯರು ತಮ್ಮ ಕಡಲ ದೇವಿ ಮಾಝುವೆಂದೇ ಕಾಣುತ್ತಾರೆ. ನವೆಂಬರ್ ಮೊದಲ ಎರಡು ದಿನ, ಸಕಲ ಸಂತರ ಹಾಗೂ ಸಕಲ ಆತ್ಮಗಳ ಸ್ಮರಣೆಗೆ, ಮನಿಲಾದ ಚೀನೀ ಸ್ಮಶಾನದಲ್ಲಿ ಮನೆಮಂದಿಯೆಲ್ಲ ಸೇರುತ್ತಾರೆ. ಅಲ್ಲಿನ ಸಮಾಧಿಗಳು ಕೋಣೆ, ಬಾಗಿಲು, ಕಿಟಕಿಗಳಿರುವ ಮನೆಗಳೇ. ಹಬ್ಬದ ಹೆಸರು ಕಥೋಲಿಕ, ಊಟ ಬಡಿಸುವ ಕ್ರಮ ಚೀನೀ. ಈ ಸ್ಮಶಾನವನ್ನು ಬೆಳೆಸಿದವರಲ್ಲಿ 19ನೆಯ ಶತಮಾನದ ತಾನ್ ಕಿಯೆನ್ ಸಿಯೆನ್ ಒಬ್ಬರು. ದೀಕ್ಷಾಸ್ನಾನದ ಹೊತ್ತಿಗೆ ಜ್ಞಾನತಂದೆಯಾದ ಸ್ಪ್ಯಾನಿಷ್ ಕರ್ನಲ್‌ನ ಹೆಸರನ್ನೇ ತೆಗೆದುಕೊಂಡು ಕಾರ್ಲೊಸ್ ಪಲಾಂಕಾ ಆದವರು. ಕಥೋಲಿಕರ ಸ್ಮಶಾನದಲ್ಲಿ ಜಾಗವಿಲ್ಲದ ತಮ್ಮವರಿಗೆ ಮಣ್ಣು ಸಿಗಲಿ ಎಂದು ದುಡಿದ ಕಥೋಲಿಕ ಆತ. ಇದನ್ನು ಬೆರಕೆ ಧರ್ಮ ಎಂದು ಕರೆದು ಪಕ್ಕಕ್ಕಿಡುವ ವಿದ್ವಾಂಸರಿದ್ದಾರೆ. ಎರಡು ಋಣಗಳನ್ನೂ ತೀರಿಸಿದವರ ನಿಷ್ಠೆ ಎಂದು ನಾನು ಕರೆಯುತ್ತೇನೆ.

ಬೇರೆ ದೇಶಗಳಲ್ಲಿ ಕಥೆ ಬೇರೆ. ಅಮೆರಿಕದಲ್ಲಿ 1875ರ ಕಾನೂನು ಚೀನೀ ಹೆಂಗಸರ ದಾರಿ ಮುಚ್ಚಿತು, 1882ರದು ಕೂಲಿಗಳ ದಾರಿ ಮುಚ್ಚಿತು. 1943ರವರೆಗೆ ಆ ಬಹಿಷ್ಕಾರ ನಡೆಯಿತು. ಹೆಂಡತಿ ಮಕ್ಕಳಿಲ್ಲದ ಗಂಡಸರ ಕೇರಿಗಳಾಗಿದ್ದ ಚೈನಾಟೌನ್‌ಗಳಲ್ಲಿ ಕುಟುಂಬದ ಮೂಲಕ ಬೆಳೆಯಬೇಕಿದ್ದ ಧರ್ಮ ಬಹುಕಾಲ ಸೊರಗಿತು. ನ್ಯೂಯಾರ್ಕಿನ ಮಾಟ್ ಸ್ಟ್ರೀಟ್‌ನ ಟ್ರಾನ್ಸ್‌ಫಿಗರೇಷನ್ ಚರ್ಚು ಮೊದಲು ಐರಿಷರದು, ಆಮೇಲೆ ಇಟಾಲಿಯನ್ನರದು, ಈಗ ಮುಖ್ಯವಾಗಿ ಚೀನೀಯರದು. ಸಿಂಗಪುರದಲ್ಲಿ ಫ್ರೆಂಚ್ ಗುರುಗಳು 1870ರಲ್ಲಿ ಚೀನೀ ಕಥೋಲಿಕರಿಗಾಗಿ ಸಂತ ಪೇತ್ರ ಮತ್ತು ಪೌಲರ ಚರ್ಚನ್ನು ಕಟ್ಟಿ ಮುಗಿಸಿದರು. 

1939ರ ಡಿಸೆಂಬರ್ 8ರಂದು ರೋಮ್‌ನ ಧರ್ಮಪ್ರಚಾರ ಸಭೆ ಒಂದು ಆದೇಶ ಹೊರಡಿಸಿತು. ತೀರಿಹೋದವರ ಮುಂದೆ, ಅವರ ಚಿತ್ರದ ಮುಂದೆ, ಹೆಸರಿನ ಹಲಗೆಯ ಮುಂದೆ ತಲೆಬಾಗುವುದು ಸಲ್ಲುತ್ತದೆ ಎಂದು ಅದು ಒಪ್ಪಿಕೊಂಡಿತು. 1971ರ ಚಾಂದ್ರಮಾನ ಹೊಸವರ್ಷಕ್ಕೆ ತೈವಾನ್‌ನಲ್ಲಿ ಕಾರ್ಡಿನಲ್ ಯು ಪಿನ್ ಬಹಿರಂಗವಾಗಿ ಹಿರಿಯರಿಗೆ ವಂದನೆ ಸಲ್ಲಿಸಿದರು. ಈಗ ಹೊರದೇಶಗಳ ಎಷ್ಟೋ ಚೀನೀ ಧರ್ಮಕೇಂದ್ರಗಳಲ್ಲಿ ಹೊಸವರ್ಷದ ಬಲಿಪೂಜೆಯ ಜೊತೆಯಲ್ಲೇ ಹಣ್ಣು, ಹೂವು, ಊದುಬತ್ತಿಗಳಿಂದ ಹಿರಿಯರ ಸ್ಮರಣೆ ನಡೆಯುತ್ತದೆ.

ಚೀನೀ ಮೂಲದ ಕಥೋಲಿಕ ಮನೆತನಗಳ ಮಕ್ಕಳು ಫಿಲಿಪ್ಪೀನ್ಸ್‌ನ ಇತಿಹಾಸವನ್ನೂ ಬದಲಿಸಿದರು. ಮನಿಲಾದ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಹೈಮೆ ಸಿನ್ ಅವರ ತಂದೆ ಚೀನಾದಿಂದ ಬಂದ ವ್ಯಾಪಾರಿ. 1986ರ ಫೆಬ್ರವರಿ 22ರ ರಾತ್ರಿ ಅವರು ರೇಡಿಯೊ ವೆರಿತಾಸ್‌ನಲ್ಲಿ ಜನರನ್ನು ಬೀದಿಗೆ ಕರೆದರು. ಸರ್ವಾಧಿಕಾರಿ ಅಧ್ಯಕ್ಷ ಮಾರ್ಕೊಸ್ ಆಳ್ವಿಕೆ ಬಿತ್ತು. ಅಧ್ಯಕ್ಷೆಯಾದ ಕೊರಝೊನ್ ಅಕಿನೊ ಅವರ ತವರು ಕೊಹುವಾಂಕೊ ಮನೆತನ, ಅದೂ ಫುಜಿಯಾನ್ ಮೂಲದ್ದು. ಜಪಸರ ಹಿಡಿದು ಅಧಿಕಾರಕ್ಕೆ ಬಂದ ಆಕೆ 1988ರಲ್ಲಿ ಫುಜಿಯಾನ್‌ನ ಹೊಂಗ್‌ಜಿಯಾನ್ ಹಳ್ಳಿಗೆ, ತನ್ನ ಹಿರಿಯರ ಊರಿಗೆ ಹೋಗಿಬಂದರು.

ಇನ್ನೊಬ್ಬರು ಕಾರ್ಡಿನಲ್ ಲೂಯಿಸ್ ಆಂತೊನಿಯೊ ತಾಗ್ಲೆ. ಅವರ ತಾಯಿಯ ತಂದೆ ಬಡತನದಿಂದಾಗಿ ಹುಡುಗನಾಗಿದ್ದಾಗಲೇ ಚೀನಾ ಬಿಟ್ಟು ಬಂದವರು, ಕಥೋಲಿಕರಾದವರು. ತನ್ನ ತಾಯಿ ತೀರಿಹೋದ ದಿನ ಬಂದಾಗ ಆ ಅಜ್ಜ ಆಕೆಯ ಚಿತ್ರದ ಮುಂದೆ ಊದುಬತ್ತಿ ಹಚ್ಚಿ, ಊಟ ಇಟ್ಟು, ಮೊದಲು ಸ್ವರ್ಗದಲ್ಲಿರುವ ಅವ್ವ ರುಚಿ ನೋಡಲಿ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದು ಮೊಮ್ಮಕ್ಕಳಿಗೆ ಹೇಳುತ್ತಿದ್ದರಂತೆ. ಇದನ್ನು ತಾಗ್ಲೆಯವರೇ ಸಂದರ್ಶನವೊಂದರಲ್ಲಿ ಪ್ರೀತಿಯಿಂದ ನೆನಪಿಸಿಕೊಂಡಿದ್ದಾರೆ. ಎಡೆ ಇಟ್ಟ ಆ ಅಜ್ಜನ ಮೊಮ್ಮಗನನ್ನು ಪೋಪ್ ಫ್ರಾನ್ಸಿಸ್ ಧರ್ಮಪ್ರಚಾರ ಸಭೆಯ ಮುಖ್ಯಸ್ಥನಾಗಿ ನೇಮಿಸಿದರು. ಹಿರಿಯರ ಮುಂದೆ ಬಾಗಬೇಡಿ ಎಂದು 1645ರಲ್ಲಿ ಹೇಳಿದ್ದು, ಬಾಗಬಹುದು ಎಂದು 1939ರಲ್ಲಿ ಹೇಳಿದ್ದು ಅದೇ ಸಭೆ. ನೇಮಕವಾದದ್ದು 2019ರ ಡಿಸೆಂಬರ್ 8ರಂದು. ಆ ಆದೇಶಕ್ಕೆ ಸರಿಯಾಗಿ ಎಂಬತ್ತು ವರ್ಷ ತುಂಬಿದ ದಿನ.

ಇಲ್ಲಿ ಕುಳಿತಿರುವ ಸಂಶೋಧನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೇಳಿಕೆ. ಪೋಪರ ಆದೇಶಗಳನ್ನು ಓದುವವರು ಬಹಳ ಜನ ಇದ್ದಾರೆ. ನೀವು ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಟ್ಟ ಚರ್ಚಿನ ಪುಸ್ತಕಗಳನ್ನು ಓದಿ. ಮೈಸೂರು ಸೀಮೆಯ ಹಳೆಯ ಧರ್ಮಕೇಂದ್ರಗಳಲ್ಲಿ ಅಂಥ ಪುಸ್ತಕ ಕಣ್ಣಿಗೆ ಬಿದ್ದರೆ, ಗೆದ್ದಲು ಹತ್ತುವ ಮೊದಲು ಅದರ ಪ್ರತಿ ಮಾಡಿಸಿ. 1704ರಲ್ಲಿ ಪಾಂಡಿಚೇರಿಯಲ್ಲಿ ಬರೆದ ನಿಷೇಧವನ್ನು ನಮ್ಮ ಮನೆಗಳು ಎಷ್ಟು ಪಾಲಿಸಿದವು, ಎಷ್ಟು ಬಿಟ್ಟವು ಎಂಬುದನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕಾಗಿದೆ.